ಆಡಿಟ್‌ನಲ್ಲಿ 96 ಅಂಕ, ಆರು ವಾರಕ್ಕೆ ಅಪಘಾತ: ತಪಾಸಣೆ ಎಲ್ಲಿ ತಪ್ಪುತ್ತದೆ?

ಓದುಗರ ಪ್ರಶ್ನೆ: ನಾನು ಎರಕದ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕಳೆದ ಸೇಫ್ಟಿ ಆಡಿಟ್‌ನಲ್ಲಿ ನಮಗೆ ನೂರಕ್ಕೆ 96 ಅಂಕ ಬಂದಿತ್ತು. ಆರು ವಾರ ಆಗಿರಲಿಲ್ಲ, ಮರಳು ಸಾಗಿಸುವ ಕನ್ವೇಯರ್ ಕೆಳಗೆ ರಾತ್ರಿ ಪಾಳಿಯಲ್ಲಿ ಸ್ವಚ್ಛ ಮಾಡುತ್ತಿದ್ದ ಗುತ್ತಿಗೆ ಕಾರ್ಮಿಕನ ಕೈ ರೋಲರ್‌ಗೆ ಸಿಕ್ಕಿ ಎರಡು ಬೆರಳು ಹೋದವು. ಇನ್ನು ಮುಂದೆ ಆಂತರಿಕ ಆಡಿಟ್ ನಾನೇ ಮಾಡಬೇಕು ಎಂದು ಹೇಳಿದ್ದಾರೆ. ಆಡಿಟ್ ಎಂದರೆ ಎಲ್ಲರೂ ಎರಡು ದಿನ ಮುಂಚೆ ನೆಲ ತೊಳೆದು, ಬೋರ್ಡ್ ಬರೆದು ರೆಡಿಯಾಗುತ್ತಾರೆ. ಕಾರ್ಮಿಕರನ್ನು ಕೇಳಿದರೆ ಎಲ್ಲ ಸರಿಯಿದೆ ಅನ್ನುತ್ತಾರೆ. ಮ್ಯಾನೇಜರ್ ಈಗಲೇ 'ದೊಡ್ಡದೇನಾದ್ರೂ ಕಂಡ್ರೆ ವರದಿಯಲ್ಲಿ ಬರೀಬೇಡ, ನನಗೆ ಹೇಳು, ಸರಿ ಮಾಡಿಸ್ತೀನಿ' ಅಂದಿದ್ದಾರೆ. ಹೇಳದೇ ಹೋಗಿ ತಪಾಸಣೆ ಮಾಡಬೇಕಾ? ಹೊರಗಿನವರನ್ನು ಕರೆಸಬೇಕಾ? ಅಥವಾ ಆಡಿಟ್ ಅನ್ನೋದೇ ಸುಮ್ನೆ ಕಾಗದದ ಕೆಲಸವಾ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ. ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಒಂದೇ ಅಂತ ನನಗೆ ಅನಿಸುತ್ತದೆ: ಇಷ್ಟು ಅಂಕ ಬಂದ ಜಾಗದಲ್ಲಿ ಆ ರೋಲರ್ ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ? ಅಲ್ಲಿಂದಲೇ ಶುರು ಮಾಡೋಣ.

ಆ ಚೆಕ್‌ಲಿಸ್ಟ್ ಇದ್ದರೆ ಒಮ್ಮೆ ತೆಗೆದು ನೋಡಿ. ನಾನು ನೋಡಿರುವ ಹೆಚ್ಚಿನ ಪಟ್ಟಿಗಳಲ್ಲಿ ಪ್ರತಿ ಪ್ರಶ್ನೆಗೂ ಒಂದೇ ತೂಕ. ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಮೇಲೆ ಚೀಟಿ ಇಲ್ಲದಿದ್ದರೆ ಒಂದು ಅಂಕ ಹೋಗುತ್ತದೆ, ತಿರುಗುವ ರೋಲರ್‌ಗೆ ಗಾರ್ಡ್, ಅಂದರೆ ಕೈ ತಾಗದಂತೆ ತಡೆಯುವ ಮುಚ್ಚಳ, ಇಲ್ಲದಿದ್ದರೂ ಅಷ್ಟೇ ಒಂದು ಅಂಕ. ಹಾಗಾಗಿ ಮನುಷ್ಯನ ಕೈ ಎಳೆದುಕೊಳ್ಳುವ ನಾಲ್ಕು ಜಾಗ ತೆರೆದಿಟ್ಟುಕೊಂಡೂ 96 ತೆಗೆಯಬಹುದು. ಪಟ್ಟಿ ಸುಳ್ಳು ಹೇಳುತ್ತಿಲ್ಲ. ಅದು ಉತ್ತರಿಸುತ್ತಿರುವ ಪ್ರಶ್ನೆಯೇ ಬೇರೆ. 'ಎಷ್ಟು ವಿಷಯ ಸರಿ ಇದೆ' ಎಂದು ಅದು ಎಣಿಸುತ್ತದೆ. ನಿಮಗೆ ಬೇಕಿರುವುದು 'ಇಲ್ಲಿ ಜನ ಯಾವುದರಿಂದ ಸಾಯಬಹುದು, ಕೈಕಾಲು ಕಳೆದುಕೊಳ್ಳಬಹುದು, ಅದನ್ನು ಈಗ ತಡೆದು ನಿಲ್ಲಿಸಿರುವುದು ಏನು' ಎಂಬುದು.

ಇದು ಸಣ್ಣ ಕಾರ್ಖಾನೆಗಳ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ರಿಗ್ ಸ್ಫೋಟಿಸಿ 11 ಜನ ಸತ್ತರು. ಅದೇ ದಿನ ಕಂಪನಿಗಳ ಹಿರಿಯ ಅಧಿಕಾರಿಗಳು ಆ ರಿಗ್ ಮೇಲೇ ಇದ್ದರು. ಕೆಲಸ ತಪ್ಪಿಸುವಂಥ ಒಂದು ಗಾಯವೂ ಇಲ್ಲದೆ ಏಳು ವರ್ಷ ಕಳೆದದ್ದಕ್ಕೆ ಸಿಬ್ಬಂದಿಯನ್ನು ಅಭಿನಂದಿಸುವುದೂ ಆ ಭೇಟಿಯ ಒಂದು ಉದ್ದೇಶವಾಗಿತ್ತು. ಅವರು ಜಾರಿ ಬೀಳುವ ಅಪಾಯದ ಬಗ್ಗೆ ಮಾತಾಡಿದರು, ಎತ್ತರದಿಂದ ಬೀಳದಂತೆ ಕಟ್ಟಿಕೊಳ್ಳುವ ಹಾರ್ನೆಸ್‌ಗಳ ತಪಾಸಣೆ ಆಗಿದೆಯಾ ಎಂದು ವಿಚಾರಿಸಿದರು. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ರಿಗ್ಗನ್ನು ಸುಟ್ಟುಹಾಕಿದ್ದು ಕೆಳಗಿನ ತೈಲ ಬಾವಿ, ಆ ಬಾವಿಯ ಸ್ಥಿತಿಯ ಬಗ್ಗೆ ಅದೇ ಗಟ್ಟಿತನದಲ್ಲಿ ಯಾರೂ ಕೆದಕಲಿಲ್ಲ. ಸಣ್ಣ ಗಾಯಗಳ ಸಂಖ್ಯೆ ಕಡಿಮೆ ಇದ್ದರೆ ದೊಡ್ಡ ಅನಾಹುತವೂ ದೂರ ಎಂಬ ನಂಬಿಕೆ ನಮ್ಮ ಕ್ಷೇತ್ರದಲ್ಲಿ ಇನ್ನೂ ಗಟ್ಟಿಯಾಗಿದೆ. ಅದು ತಪ್ಪು. ಇವೆರಡಕ್ಕೂ ಕಾರಣಗಳು ಬೇರೆ, ತಡೆಗಳೂ ಬೇರೆ.

ಇನ್ನೊಂದು ತಪ್ಪು ತಿಳಿವಳಿಕೆ ಐಎಸ್‌ಒ 45001 ಪ್ರಮಾಣಪತ್ರದ್ದು. 2018ರಲ್ಲಿ ಬಂದ, ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ ಈ ಅಂತರರಾಷ್ಟ್ರೀಯ ಮಾನದಂಡ ಒಳ್ಳೆಯದೇ, ನನಗೆ ಅದರ ಮೇಲೆ ಗೌರವವಿದೆ. ಆದರೆ ಅದು ನೋಡುವುದು ನಿರ್ವಹಣಾ ವ್ಯವಸ್ಥೆಯನ್ನು: ಅಪಾಯ ಗುರುತಿಸುವ ಕ್ರಮ ಇದೆಯಾ, ಜವಾಬ್ದಾರಿ ಹಂಚಿದ್ದೀರಾ, ಆಂತರಿಕ ಆಡಿಟ್ ನಡೆಯುತ್ತಿದೆಯಾ ಇತ್ಯಾದಿ. ನಿಮ್ಮ ಮೂರನೇ ಕನ್ವೇಯರ್‌ನ ಬಾಲದ ರೋಲರ್‌ಗೆ ಇವತ್ತು ಗಾರ್ಡ್ ಇದೆ ಎಂದು ಅದು ಖಾತರಿ ಕೊಡುವುದಿಲ್ಲ.

ಸರಿ, ಹಾಗಾದರೆ ನೋಡುವುದು ಹೇಗೆ? ಆ ಕನ್ವೇಯರನ್ನೇ ತೆಗೆದುಕೊಳ್ಳಿ. 'ಗಾರ್ಡ್ ಇದೆಯೇ' ಎಂದು ಕೇಳಿ ಹೌದು ಎಂದು ಟಿಕ್ ಹಾಕಿದರೆ ಮುಗಿಯಿತು, ಏನೂ ತಿಳಿಯುವುದಿಲ್ಲ. ಬಗ್ಗಿ ಬೋಲ್ಟ್‌ಗಳನ್ನು ನೋಡಿ. ನಾಲ್ಕು ಇರಬೇಕಾದ ಕಡೆ ಎರಡೇ ಇವೆಯಾ? ಒಂದು ಮೂಲೆಗೆ ಬೈಂಡಿಂಗ್ ವೈರ್ ಕಟ್ಟಿದ್ದಾರಾ? ಬೋಲ್ಟ್ ತಲೆಯ ಬಣ್ಣ ಹೋಗಿ ಸ್ಪ್ಯಾನರ್ ತಾಗಿದ ಅಂಚು ಫಳಫಳ ಹೊಳೆಯುತ್ತಿದೆಯಾ? ಹೊಳೆಯುತ್ತಿದ್ದರೆ ಆ ಗಾರ್ಡ್ ವರ್ಷಕ್ಕೊಮ್ಮೆ ಬಿಚ್ಚುವುದಲ್ಲ, ಪಾಳಿಗೊಮ್ಮೆ ಬಿಚ್ಚುತ್ತಾರೆ ಎಂದರ್ಥ. ಹಾಗಾದರೆ ಯಾಕೆ ಬಿಚ್ಚುತ್ತಾರೆ? ಕೆಳಗೆ ಮರಳು ರಾಶಿ ಬೀಳುತ್ತದೆ, ರಾಶಿ ಬೆಳೆದು ರೋಲರ್‌ಗೆ ತಾಗಿದರೆ ಬೆಲ್ಟ್ ಪಕ್ಕಕ್ಕೆ ಸರಿಯುತ್ತದೆ, ಲೈನ್ ನಿಲ್ಲುತ್ತದೆ. ಮರಳು ಯಾಕೆ ಬೀಳುತ್ತದೆ? ಬೆಲ್ಟ್ ಮೇಲೆ ಮರಳು ಸುರಿಯುವ ಚ್ಯೂಟ್‌ನ ಪಕ್ಕದ ರಬ್ಬರ್ ಪಟ್ಟಿ (ಸ್ಕರ್ಟ್) ಸವೆದು ಹರಿದಿದೆ. ಹೊಸ ರಬ್ಬರ್ ಬೇಕೆಂದು ಮೇಂಟೆನೆನ್ಸ್‌ನವರು ಬರೆದುಕೊಟ್ಟ ಚೀಟಿ ಸ್ಟೋರ್‌ನಲ್ಲಿ ಕೂತಿದೆ. ಉತ್ಪಾದನೆ ನಿಲ್ಲಿಸದೆ ಬದಲಿಸಲು ಆಗುವುದಿಲ್ಲ, ನಿಲ್ಲಿಸಲು ಯಾರೂ ಒಪ್ಪಿಲ್ಲ.

ನೋಡಿ, ಈಗ ನಿಮ್ಮ ಕೈಯಲ್ಲಿರುವುದು 'ಕಾರ್ಮಿಕ ಗಾರ್ಡ್ ತೆಗೆದ' ಎಂಬ ತಪ್ಪಲ್ಲ. ಹರಿದ ರಬ್ಬರ್, ಸ್ಟೋರ್‌ನ ಚೀಟಿ, ಲೈನ್ ನಿಲ್ಲಿಸುವ ನಿರ್ಧಾರ ಯಾರದು ಎಂಬ ಪ್ರಶ್ನೆ, ಇವೆಲ್ಲ ಸೇರಿ ಒಬ್ಬನನ್ನು ಆ ರೋಲರ್ ಪಕ್ಕ ಕೂರಿಸಿದವು. ನಿಮ್ಮಲ್ಲಿ ಹೀಗೇ ನಡೆದಿದೆ ಎಂದು ದೂರ ಕೂತು ನಾನು ಹೇಳಲಾರೆ. ಆದರೆ ಮರಳಿನ ಕನ್ವೇಯರ್‌ಗಳಲ್ಲಿ ಈ ಸರಪಳಿಯನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಅಲ್ಲೇ ಇನ್ನೂ ಸ್ವಲ್ಪ ಹೊತ್ತು ನಿಲ್ಲಿ. ತುರ್ತು ನಿಲುಗಡೆಯ ಹಗ್ಗ ಇದೆ, ಸರಿ. ಮೊದಲೇ ಹೇಳಿ, ಲೈನ್‌ನವರ ಜೊತೆ ನಿಂತು, ಅದನ್ನು ಎಳೆಸಿ ನೋಡಿ. ಹಗ್ಗ ಜೋತುಬಿದ್ದಿದ್ದರೆ ಎಳೆದರೂ ಸ್ವಿಚ್ ಬೀಳದೇ ಹೋಗಬಹುದು. ಗಾರ್ಡ್‌ನ ಬಾಗಿಲಿಗೆ ಇಂಟರ್‌ಲಾಕ್, ಅಂದರೆ ಬಾಗಿಲು ತೆರೆದರೆ ಯಂತ್ರ ನಿಲ್ಲಿಸುವ ಸ್ವಿಚ್, ಇದ್ದರೆ ಅದಕ್ಕೆ ಅಯಸ್ಕಾಂತ ಅಂಟಿಸಿ ಮೋಸ ಮಾಡಿದ್ದಾರಾ ನೋಡಿ. ಲಾಕ್‌ಔಟ್ ಬಗ್ಗೆ, ಅಂದರೆ ಕೆಲಸದ ಹೊತ್ತಿನಲ್ಲಿ ಯಾರೂ ಯಂತ್ರ ಚಾಲೂ ಮಾಡದಂತೆ ಸ್ವಿಚ್‌ಗೆ ಬೀಗ ಹಾಕುವುದರ ಬಗ್ಗೆ, ಕೇಳುವಾಗ ಬೀಗ ಇದೆಯಾ ಎಂದಷ್ಟೇ ಕೇಳಬೇಡಿ. ಕೀಲಿ ಯಾರ ಜೇಬಿನಲ್ಲಿರುತ್ತದೆ, ಬೀಗ ಹಾಕಿದ ಮೇಲೆ ಸ್ಟಾರ್ಟ್ ಬಟನ್ ಒತ್ತಿ ಯಂತ್ರ ಸತ್ತಿದೆ ಎಂದು ಖಚಿತ ಮಾಡಿಕೊಳ್ಳುತ್ತಾರಾ ಎಂದು ಕೇಳಿ. ಬೆಲ್ಟ್ ಬಿಗಿ ಮಾಡಲು ನೇತು ಹಾಕಿದ ಭಾರ ಇದ್ದರೆ, ಕರೆಂಟ್ ತೆಗೆದ ಮೇಲೂ ಬೆಲ್ಟ್ ಸರಕ್ಕನೆ ಜಾರಬಹುದು. ಎಲೆಕ್ಟ್ರಿಕಲ್ ಬೀಗ ಆ ಭಾರವನ್ನು ಹಿಡಿಯುವುದಿಲ್ಲ. ಇದನ್ನು ಮರೆಯುವವರು ಜಾಸ್ತಿ.

ಗ್ರೈಂಡರ್‌ನಲ್ಲೂ ಇದೇ ಕಥೆ. ಪೆಡೆಸ್ಟಲ್ ಗ್ರೈಂಡರ್‌ಗೆ ಗಾರ್ಡ್ ಇದೆಯೇ ಎಂದರೆ ಎಲ್ಲೆಡೆ ಹೌದು. ಆದರೆ ಚಕ್ರಕ್ಕೂ, ಉಜ್ಜುವ ತುಂಡನ್ನು ಆನಿಸಿಡುವ ವರ್ಕ್ ರೆಸ್ಟ್‌ಗೂ ನಡುವೆ 3 ಮಿಲಿಮೀಟರ್‌ಗಿಂತ ಹೆಚ್ಚು ಸಂದು ಇರಬಾರದು. ಚಕ್ರ ಸವೆದಂತೆ ಸಂದು ದೊಡ್ಡದಾಗುತ್ತದೆ, ಯಾರೂ ರೆಸ್ಟನ್ನು ಮುಂದಕ್ಕೆ ತರುವುದಿಲ್ಲ, ಒಂದು ದಿನ ತುಂಡು ಅದರಲ್ಲಿ ಸಿಕ್ಕಿ ಚಕ್ರ ಒಡೆಯುತ್ತದೆ. ಜೇಬಿನಲ್ಲಿ ಸಂದು ಅಳೆಯುವ ಒಂದು ಗೇಜ್ ಇಟ್ಟುಕೊಳ್ಳಿ.

ಅಪಾಯದ ಕೆಲಸಕ್ಕೆ ಮೊದಲು ಕೊಡುವ ಲಿಖಿತ ಅನುಮತಿ, ಅಂದರೆ ಪರ್ಮಿಟ್‌ಗಳ ವಿಷಯದಲ್ಲಿ ಫೈಲ್‌ಗಿಂತ ಒಂದೇ ಒಂದು ಪರ್ಮಿಟ್ ಹಿಡಿದು ಹೊರಡುವುದು ನನಗೆ ಇಷ್ಟ. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಲ್ಲಿ ನಡೆದದ್ದು ಇದಕ್ಕೆ ಕಾರಣ. ಒಂದು ಪಂಪ್‌ನ ಸುರಕ್ಷತಾ ವಾಲ್ವ್ ರಿಪೇರಿಗೆಂದು ಬಿಚ್ಚಿದ್ದರು. ಆ ಜಾಗಕ್ಕೆ ತಾತ್ಕಾಲಿಕ ಮುಚ್ಚಳ ಹಾಕಿದ್ದರು, ಅದು ಬಿಗಿಯಾಗಿರಲಿಲ್ಲ. ವಾಲ್ವ್ ಕೆಲಸಕ್ಕೆ ಬೇರೆ ಪರ್ಮಿಟ್, ಪಂಪ್ ಕೆಲಸಕ್ಕೆ ಬೇರೆ ಪರ್ಮಿಟ್. ರಾತ್ರಿ ಪಾಳಿಯವರಿಗೆ ವಾಲ್ವ್ ಇಲ್ಲ ಎಂಬುದು ತಿಳಿಯಲಿಲ್ಲ. ಇನ್ನೊಂದು ಪಂಪ್ ನಿಂತಾಗ ಇದನ್ನು ಚಾಲೂ ಮಾಡಿದರು, ಆ ಮುಚ್ಚಳದ ಕಡೆಯಿಂದ ಸೋರಿ ಸ್ಫೋಟವಾಯಿತು. 167 ಜನ ಸತ್ತರು. ಅಲ್ಲಿ ಪರ್ಮಿಟ್ ವ್ಯವಸ್ಥೆ ಕಾಗದದಲ್ಲಿ ಇತ್ತು, ಆಡಿಟ್‌ಗಳೂ ನಡೆದಿದ್ದವು. ಆದರೆ ದಿನನಿತ್ಯ ಆ ವ್ಯವಸ್ಥೆಯನ್ನು ಹೇಗೆ ಬಳಸುತ್ತಿದ್ದಾರೆ ಎಂಬ ಲೋಪ ಆಡಿಟ್‌ಗಳಲ್ಲಿ ಮೇಲೆ ಬಂದಿರಲಿಲ್ಲ ಎಂದು ಲಾರ್ಡ್ ಕಲನ್ ನೇತೃತ್ವದ ವಿಚಾರಣೆ ಹೇಳಿತು. ಹಾಗಾಗಿ ಇವತ್ತು ಚಾಲ್ತಿಯಲ್ಲಿರುವ ಒಂದು ಪರ್ಮಿಟ್ ಎತ್ತಿಕೊಳ್ಳಿ, ಕೆಲಸ ನಡೆಯುವ ಜಾಗಕ್ಕೆ ಹೋಗಿ. ಸಹಿ ಹಾಕಿದವರು ಜಾಗ ನೋಡಿದ್ದರಾ? ಕೆಲಸ ಮಾಡುವವನಿಗೆ ಅದರಲ್ಲಿ ಬರೆದದ್ದು ಗೊತ್ತಾ? ಪಾಳಿ ಬದಲಾಗುವ ಹೊತ್ತಿಗೆ ಅಲ್ಲೇ ಇದ್ದು, ಹೋಗುವವರು ಬರುವವರಿಗೆ ಏನು ಹೇಳುತ್ತಾರೆ, ಏನು ಹೇಳುವುದಿಲ್ಲ ಅನ್ನುವುದನ್ನು ಕೇಳಿಸಿಕೊಳ್ಳಿ. ಇಪ್ಪತ್ತು ಫೈಲ್ ತಿರುವುವುದಕ್ಕಿಂತ ಇದರಲ್ಲಿ ಸಿಗುವುದು ಜಾಸ್ತಿ.

ಇನ್ನು ಹೇಳಿ ಹೋಗುವುದೋ, ಹೇಳದೇ ಹೋಗುವುದೋ. ಹೇಳಿ ಹೋದರೆ ತೊಳೆದ ನೆಲ ಕಾಣುತ್ತದೆ, ನಿಜ. ಆದರೆ ಬೇಕಾದ ಜನ ಇರುತ್ತಾರೆ, ದಾಖಲೆ ಸಿಗುತ್ತದೆ, ಮಾತಾಡಲು ಸಮಯ ಸಿಗುತ್ತದೆ. ಹೇಳದೇ ಹೋದರೆ ನಿಜ ಸ್ಥಿತಿ ಕಾಣಬಹುದು, ಆದರೆ ಅದನ್ನೇ ಅಭ್ಯಾಸ ಮಾಡಿಕೊಂಡರೆ ನೀವು ಪೊಲೀಸರಾಗುತ್ತೀರಿ. ನೀವು ಗೇಟ್ ದಾಟುವ ಮೊದಲೇ ಸುದ್ದಿ ಒಳಗೆ ಮುಟ್ಟಿರುತ್ತದೆ, ಜನ ಬಚ್ಚಿಡಲು ಕಲಿಯುತ್ತಾರೆ. ನನ್ನ ಸಲಹೆ: ವಾರ ಹೇಳಿ, ಆದರೆ ಯಾವ ವಿಭಾಗ, ಯಾವ ಪಾಳಿ, ಯಾವ ಕೆಲಸ ಎಂಬುದನ್ನು ಅಲ್ಲಿಗೆ ಹೋದ ಮೇಲೆ ನೀವೇ ಆರಿಸಿ. ಒಂದು ರಾತ್ರಿ ಪಾಳಿ ಕಡ್ಡಾಯ ಸೇರಿಸಿ. ರಾತ್ರಿ ಮೇಲ್ವಿಚಾರಕರು ಕಡಿಮೆ, ಗುತ್ತಿಗೆಯವರು ಜಾಸ್ತಿ, ಸ್ವಚ್ಛತೆ ಮತ್ತು ರಿಪೇರಿ ಆಗುವುದೂ ಆಗಲೇ. ನಡೆಯುತ್ತಿರುವ ಯಂತ್ರಕ್ಕೆ ಕೈ ಹಾಕುವವರು ಆಪರೇಟರ್‌ಗಳಿಗಿಂತ ಹೆಚ್ಚಾಗಿ ಸ್ವಚ್ಛ ಮಾಡುವವರು, ಫಿಟ್ಟರ್‌ಗಳು. ಹಗಲು ಹೊತ್ತಿನಲ್ಲೇ ಮುಗಿಯುವ ಆಡಿಟ್ ಅವರನ್ನು ನೋಡುವುದೇ ಇಲ್ಲ.

ಕಾರ್ಮಿಕರು 'ಎಲ್ಲ ಸರಿಯಿದೆ' ಅನ್ನುವುದಕ್ಕೆ ಕಾರಣ ಅವರ ಅಸಡ್ಡೆಯಲ್ಲ. ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿರುವಾಗ 'ನೀವು ನಿಯಮ ಪಾಲಿಸ್ತೀರಾ' ಎಂದು ಕೇಳಿದರೆ ಇನ್ನೇನು ಹೇಳಲು ಸಾಧ್ಯ? ಗುತ್ತಿಗೆಯವನಿಗೆ ನಾಳೆ ಕೆಲಸಕ್ಕೆ ಕರೆಯುತ್ತಾರೋ ಇಲ್ಲವೋ ಎಂಬುದೇ ಗೊತ್ತಿಲ್ಲ. ಹೌದು, ಇಲ್ಲ ಎನ್ನುವ ಪ್ರಶ್ನೆ ಬಿಡಿ. ಸೂಪರ್‌ವೈಸರ್ ಇಲ್ಲದ ಕಡೆ, ಕೆಲಸದ ಜಾಗದಲ್ಲೇ ಕೂತು, 'ಬೆಲ್ಟ್ ಸಿಕ್ಕಿಕೊಂಡ್ರೆ ಮೊದಲು ಏನ್ ಮಾಡ್ತೀರಿ?' ಎಂದು ಕೇಳಿ. 'ಹೊಸಬನಿಗೆ ಈ ಕೆಲಸ ಕಲಿಸುವಾಗ ಯಾವುದರ ಬಗ್ಗೆ ಎಚ್ಚರಿಸ್ತೀರಿ?' ಎಂದು ಕೇಳಿ. ಈ ಎರಡನೇ ಪ್ರಶ್ನೆಗೆ ಜನ ಬಹಳ ಪ್ರಾಮಾಣಿಕವಾಗಿ ಉತ್ತರಿಸುತ್ತಾರೆ, ಯಾಕಂದ್ರೆ ಅದರಲ್ಲಿ ಅವರ ಅನುಭವಕ್ಕೆ ಬೆಲೆಯಿದೆ. ಹೆಸರು ಬರೆದುಕೊಳ್ಳಬೇಡಿ. ವರದಿಯಲ್ಲಿ 'ರಾತ್ರಿ ಪಾಳಿಯ ಸ್ವಚ್ಛತಾ ಕೆಲಸಗಾರ' ಎಂದು ಹಾಕಿದರೂ, ಇರುವುದು ಒಬ್ಬನೇ ಆದರೆ ಅದು ಹೆಸರು ಬರೆದಂತೆಯೇ, ಅಲ್ವಾ? ಒಬ್ಬನ ಮಾತನ್ನು ನೀವೇ ಕಣ್ಣಾರೆ ನೋಡಿ ಖಚಿತ ಮಾಡಿಕೊಂಡು, ನೀವು ಕಂಡದ್ದಾಗಿ ಬರೆಯಿರಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಆರೋಗ್ಯ. ಬೆರಳು ಹೋದರೆ ಆ ಕ್ಷಣವೇ ಎಲ್ಲರಿಗೂ ಗೊತ್ತಾಗುತ್ತದೆ. ಶ್ವಾಸಕೋಶ ಹೋಗುವುದು ವರ್ಷಗಳ ನಂತರ, ಅಷ್ಟರಲ್ಲಿ ಮನುಷ್ಯ ಬೇರೆ ಕಡೆ ಹೋಗಿರುತ್ತಾನೆ. ಎರಕದ ಕೆಲಸದಲ್ಲಿ ಮರಳಿನ ಸಿಲಿಕಾ ಧೂಳೇ ದೊಡ್ಡ ಶತ್ರು. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ರೋಗವಲ್ಲ. ಶ್ವಾಸಕೋಶದ ಕ್ಯಾನ್ಸರ್‌ಗೂ ಸಿಲಿಕಾ ಧೂಳು ಕಾರಣ ಎಂಬುದು ದೃಢಪಟ್ಟಿದೆ. ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಸಣ್ಣ ಧೂಳು ಹೆಚ್ಚು ಆಳಕ್ಕೆ ಇಳಿಯುತ್ತದೆ, ಹಾಗಾಗಿ 'ನೆಲ ಕ್ಲೀನ್ ಇದೆ' ಎಂಬುದು ಪುರಾವೆಯಲ್ಲ. ಗುಡಿಸಿದಾಗ, ಏರ್ ಹೋಸ್ ಹಿಡಿದು ಊದಿದಾಗ ಅದೇ ಧೂಳು ಮೂಗಿನ ಎತ್ತರಕ್ಕೆ ಏಳುತ್ತದೆ. ಧೂಳು ಎಳೆಯುವ ಹುಡ್ ಬಳಿ ತೆಳು ಕಾಗದದ ಪಟ್ಟಿ ಹಿಡಿಯಿರಿ, ಒಳಕ್ಕೆ ಎಳೆಯದಿದ್ದರೆ ಆ ಹುಡ್ ಬರೀ ಅಲಂಕಾರ. ಇದು ಮೊದಲ ಸುಳಿವು ಮಾತ್ರ, ಅಳತೆಗೆ ಕೆಲಸಗಾರನ ಉಸಿರಿನ ಹತ್ತಿರ ಗಾಳಿಯ ಧೂಳು ಹಿಡಿಯುವ ಸ್ಯಾಂಪ್ಲರ್ ಕಟ್ಟಿಯೇ ನೋಡಬೇಕು. ಶಬ್ದಕ್ಕೆ ಸಾಮಾನ್ಯವಾಗಿ ಒಪ್ಪುವ ಗೆರೆ ಎಂಟು ಗಂಟೆಗೆ 85 ಡೆಸಿಬೆಲ್. ಪ್ರತಿ 3 ಡೆಸಿಬೆಲ್‌ಗೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, ಆ ಲೆಕ್ಕದಲ್ಲಿ 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡೇ ಗಂಟೆ. ಪಕ್ಕದಲ್ಲಿರುವವನ ಜೊತೆ ಕೂಗಿ ಮಾತಾಡಬೇಕಾದರೆ ಶಬ್ದ ಅಳೆಯುವ ಮೀಟರ್ ತರಿಸಿ.

ಹೊರಗಿನವರನ್ನು ಕರೆಸಬೇಕಾ ಎಂದಿರಿ. ಹೊರಗಿನವರಿಗೆ ಹೊಸ ಕಣ್ಣಿರುತ್ತದೆ, ಮ್ಯಾನೇಜರ್‌ಗೆ ಹೆದರಬೇಕಿಲ್ಲ. ಆದರೆ ಅವರು ಬಂದು ಹೋಗುವವರು. ನಿಮ್ಮ ಚ್ಯೂಟ್‌ನ ಕಥೆ ಅವರಿಗೆ ತಿಳಿಯುವಷ್ಟು ಹೊತ್ತು ಇರುವುದಿಲ್ಲ. ಜೊತೆಗೆ ಮುಂದಿನ ವರ್ಷವೂ ಕರೆಯಲಿ ಎಂಬ ಆಸೆ ಇದ್ದರೆ ಅವರ ಪೆನ್ನೂ ಮೆದುವಾಗುತ್ತದೆ. ಒಳಗಿನವರಿಗೆ ಜಾಗ ಗೊತ್ತು, ಆದರೆ ದಿನಾ ನೋಡಿ ನೋಡಿ ಕಣ್ಣಿಗೆ ಅಭ್ಯಾಸವಾಗಿರುತ್ತದೆ. ಅದಕ್ಕಿಂತ ಮುಖ್ಯ, ನೀವೇ ಬರೆದ ಲಾಕ್‌ಔಟ್ ವಿಧಾನವನ್ನು ನೀವೇ ಆಡಿಟ್ ಮಾಡಬಾರದು. ನಿಮ್ಮ ಸಂಸ್ಥೆಗೆ ಇನ್ನೊಂದು ಘಟಕ ಇದ್ದರೆ ಅಲ್ಲಿನ ಅನುಭವಿ ಫಿಟ್ಟರ್ ಒಬ್ಬರನ್ನು ನಿಮ್ಮ ಜೊತೆ ಕರೆಸಿ. ಯಂತ್ರದ ಭಾಷೆ ಗೊತ್ತಿರುವ, ನಿಮ್ಮ ಮ್ಯಾನೇಜರ್ ಕೆಳಗೆ ಇಲ್ಲದ ಒಬ್ಬ ಮನುಷ್ಯ, ನನ್ನ ಅನುಭವದಲ್ಲಿ ದುಬಾರಿ ಸಲಹೆಗಾರನಿಗಿಂತ ಹೆಚ್ಚು ಹಿಡಿಯುತ್ತಾನೆ.

ಈಗ ಮ್ಯಾನೇಜರ್ ಮಾತು. 'ಬರೀಬೇಡ, ಸರಿ ಮಾಡಿಸ್ತೀನಿ' ಎನ್ನುವವರು ಎಲ್ಲರೂ ಕೆಟ್ಟವರಲ್ಲ. ಹಲವರು ನಿಜವಾಗಿಯೂ ಸರಿ ಮಾಡಿಸುತ್ತಾರೆ. ತೊಂದರೆ ಏನೆಂದರೆ, ಬರೆಯದೇ ಸರಿ ಮಾಡಿದ ಗಾರ್ಡ್ ಮತ್ತೆ ಬಿಚ್ಚಿಕೊಂಡಾಗ ಅದು ಎರಡನೇ ಸಲ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದ ಲೈನ್‌ನಲ್ಲಿ ಅದೇ ಲೋಪ ಇದ್ದರೂ ಯಾರೂ ಹುಡುಕುವುದಿಲ್ಲ. ಆದ್ದರಿಂದ ಎರಡನ್ನು ಬೇರೆ ಮಾಡಿ. ಈಗಲೇ ಯಾರಿಗಾದರೂ ಪೆಟ್ಟಾಗುವ ಸ್ಥಿತಿ ಇದ್ದರೆ ವರದಿಗೆ ಕಾಯಬೇಡಿ, ಅಲ್ಲೇ ಕೆಲಸ ನಿಲ್ಲಿಸಿ. ಹಾಗೆ ನಿಲ್ಲಿಸುವ ಅಧಿಕಾರ ನಿಮಗಿದೆ ಎಂದು ಆಡಿಟ್ ಶುರುವಾಗುವ ಮೊದಲೇ ಲಿಖಿತವಾಗಿ ಪಡೆಯಿರಿ. ನಂತರ ವರದಿಯಲ್ಲಿ 'ಇಂಥ ಹೊತ್ತು, ಇಂಥ ಜಾಗ, ಇದನ್ನು ಕಂಡೆ, ಕೆಲಸ ನಿಲ್ಲಿಸಲಾಯಿತು, ಇದನ್ನು ಸರಿ ಮಾಡಲಾಯಿತು' ಎಂದು ಬರೆಯಿರಿ. ಸರಿ ಮಾಡಿದ್ದೂ ದಾಖಲಾಗುತ್ತದೆ ಎಂದಾಗ ಮ್ಯಾನೇಜರ್‌ಗೂ ಅದು ಅವರ ಪರವಾದ ಸಾಲು ಎಂದು ಕಾಣುತ್ತದೆ. ಬಹಳಷ್ಟು ಜನ ಇಲ್ಲಿಗೆ ಒಪ್ಪುತ್ತಾರೆ.

ಒಪ್ಪದಿದ್ದರೆ? ಆಗ ಅಪಾಯ ನಿಮ್ಮ ಮೇಲೂ ಇದೆ, ಅದನ್ನು ಮುಚ್ಚಿಟ್ಟು ನಾನು ಸಲಹೆ ಕೊಡಲಾರೆ. ಬರೆದರೆ ಸಂಬಂಧ ಕೆಡಬಹುದು, ಬಡ್ತಿ ತಡವಾಗಬಹುದು. ಬರೆಯದಿದ್ದರೆ, ನಾಳೆ ಅದೇ ಜಾಗದಲ್ಲಿ ಅಪಘಾತವಾದಾಗ ಆಡಿಟ್ ಕಾಗದದ ಮೇಲೆ ಇರುವುದು ನಿಮ್ಮ ಸಹಿ. ಬಾಯಿಮಾತಿನಲ್ಲಿ ಹೇಳಿದ್ದನ್ನು ಅದೇ ದಿನ ಸಣ್ಣ ಇಮೇಲ್ ಮಾಡಿ: ಇವತ್ತು ಇದನ್ನು ಕಂಡು ನಿಮಗೆ ತಿಳಿಸಿದ್ದೇನೆ, ಅಷ್ಟೇ, ಆರೋಪ ಬೇಡ. ಅಭಿಪ್ರಾಯ ಬಿಟ್ಟು ಕಂಡದ್ದನ್ನಷ್ಟೇ ಬರೆಯಿರಿ. 'ನಿರ್ಲಕ್ಷ್ಯ' ಎಂದು ಬರೆದರೆ ಜಗಳ, 'ನಾಲ್ಕು ಬೋಲ್ಟ್‌ಗಳಲ್ಲಿ ಎರಡು ಇಲ್ಲ' ಎಂದರೆ ಜಗಳಕ್ಕೆ ಜಾಗವಿಲ್ಲ. ಖಾಲಿ ಬಿಟ್ಟ ವರದಿಗೆ ಮಾತ್ರ ಸಹಿ ಹಾಕಬೇಡಿ.

ಕೊನೆಗೆ, ಹೆಚ್ಚಿನ ಆಡಿಟ್‌ಗಳು ಸಾಯುವ ಜಾಗ. ಭೋಪಾಲದ ಕಾರ್ಖಾನೆಗೆ 1982ರಲ್ಲೇ ಮಾತೃಸಂಸ್ಥೆಯ ತಂಡ ಬಂದು ಪರಿಶೀಲಿಸಿ ಗಂಭೀರ ಲೋಪಗಳ ಪಟ್ಟಿ ಕೊಟ್ಟಿತ್ತು. 1984ರ ಡಿಸೆಂಬರ್ 2ರ ರಾತ್ರಿ ಅನಿಲ ಸೋರಿದಾಗ ಟ್ಯಾಂಕ್ ತಂಪು ಮಾಡುವ ಘಟಕ ತಿಂಗಳುಗಳಿಂದ ಬಂದ್ ಆಗಿತ್ತು, ಅನಿಲ ಸುಡುವ ಫ್ಲೇರ್ ಟವರ್‌ನ ಸಂಪರ್ಕ ಕಡಿದಿತ್ತು. ಲೋಪಗಳನ್ನು ಪಟ್ಟಿ ಮಾಡುವ ತಪಾಸಣೆ ನಡೆದಿತ್ತು. ಆಮೇಲೂ ಒಂದೊಂದೇ ತಡೆ ಕೈಬಿಟ್ಟು ಹೋಗುತ್ತಿದ್ದಾಗ ಅದನ್ನು ಹಿಡಿದು ನಿಲ್ಲಿಸುವವರು ಇರಲಿಲ್ಲ.

ಹಾಗಾಗಿ ಐವತ್ತು ಸಣ್ಣ ಅಂಶ ಬರೆಯುವ ಬದಲು ಜೀವಕ್ಕೆ ಸಂಬಂಧಿಸಿದ ಐದಾರನ್ನು ಮೇಲೆ ಹಾಕಿ, ಉಳಿದದ್ದನ್ನು ಅನುಬಂಧಕ್ಕೆ ತಳ್ಳಿ. 'ತರಬೇತಿ ನೀಡಲಾಯಿತು, ಮುಕ್ತಾಯ' ಎಂಬ ಉತ್ತರ ಬಂದರೆ ವಾಪಸ್ ಕಳಿಸಿ. ತರಬೇತಿ ಬೇಕು, ಆದರೆ ಹರಿದ ರಬ್ಬರ್‌ಗೆ ತರಬೇತಿ ಉತ್ತರವಲ್ಲ. ಮೊದಲು ಮರಳು ಬೀಳದಂತೆ ಮಾಡಲು ಸಾಧ್ಯವಾ ನೋಡಿ. ಆಗದಿದ್ದರೆ ಗಾರ್ಡ್ ಬಿಚ್ಚದೆಯೇ ಹೊರಗಿನಿಂದ ಮರಳು ಎಳೆಯುವ ವ್ಯವಸ್ಥೆ. ಅದಾದ ಮೇಲೆ ಲಾಕ್‌ಔಟ್ ನಿಯಮ, ಕೈಗವಸು, ಬೋರ್ಡ್. ತಿರುಗುವ ರೋಲರ್ ಹತ್ತಿರ ಕೈಗವಸು ಸ್ವತಃ ಕೈಯನ್ನು ಒಳಕ್ಕೆ ಎಳೆಸಬಹುದು ಎಂಬುದನ್ನೂ ನೆನಪಿಡಿ. ಪ್ರತಿ ಅಂಶಕ್ಕೂ ಒಬ್ಬ ವ್ಯಕ್ತಿಯ ಹುದ್ದೆ, ಒಂದು ದಿನಾಂಕ, ಖರ್ಚು ಒಪ್ಪುವವರು ಯಾರು ಎಂಬುದು ಇರಲಿ. ಮೂರು ತಿಂಗಳ ನಂತರ ನೀವು ಮತ್ತೆ ಹೋಗಿ ನೋಡುವ ವಾರವನ್ನು ವರದಿಯ ಮೊದಲ ಪುಟದಲ್ಲೇ ಹಾಕಿ, ಅದರ ಕೆಳಗೆ ಮ್ಯಾನೇಜರ್ ಸಹಿ ತೆಗೆದುಕೊಳ್ಳಿ. ಆ ಭೇಟಿಗೆ ಫೈಲ್ ಬೇಡ, ಐದಾರು ಅಂಶಗಳ ಚೀಟಿ ಮತ್ತು ಟಾರ್ಚ್ ಸಾಕು, ಹೋಗುವುದು ರಾತ್ರಿ ಪಾಳಿಗೆ.